ಲೆಕ್ಕಕ್ಕೆ ಸಿಗದ ಮೂರು ಹುಣಸೆಬೀಜ

ಗಂಜಾಂ, ಶ್ರೀರಂಗಪಟ್ಟಣ
೨೧ ಜೂನ್ ೧೯೩೬, ಭಾನುವಾರ

ಅಕ್ಕ ಪುಟ್ಟಗೌರಮ್ಮನಿಗೆ ತಮ್ಮ ಹೊನ್ನಪ್ಪ ಮಾಡುವ ನಮಸ್ಕಾರ.

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಚಕ್ಕುಲಿ ಮೈಸೂರಿನಲ್ಲಿ ರೈಲು ಬದಲಿಸುವ ಹೊತ್ತಿಗೇ ಅರ್ಧವಾಗಿತ್ತು. ಉಳಿದರ್ಧ ಹಾಸ್ಟೆಲಿನ ಗೆಳೆಯರ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಹೇಳುವುದೇನಿದೆ, ಡಬ್ಬವನ್ನು ತೊಳೆದು ಇಟ್ಟುಕೊಂಡಿದ್ದೇನೆ.

ಶಾಲೆ ತೆರೆದು ಒಂದು ವಾರವಾಯಿತು. ಹೈಸ್ಕೂಲಿನ ಎರಡನೆಯ ವರ್ಷದವನೆಂದರೆ ಏನೆಂದುಕೊಂಡೆ? ಹೊಸ ಹುಡುಗರು ನಮ್ಮನ್ನು ಕಂಡರೆ ದಾರಿ ಬಿಡುತ್ತಾರೆ. ಈ ಸಲ ಮೊದಲ ದಿನವೇ ನೋಟೀಸು ಹಲಗೆ ತುಂಬಿಹೋಗಿದೆ. ನಿನಗೆಂದೇ ನಕಲು ಮಾಡಿದ್ದೇನೆ, ತಾತನಿಗೂ ಓದಿ ಹೇಳು.

"ಕಾಲ್ಚೆಂಡಿನ ತಂಡಕ್ಕೆ ಸೇರಬಯಸುವವರು ಸೋಮವಾರ ಸಂಜೆ ನಾಲ್ಕೂವರೆಗೆ ಮೈದಾನದಲ್ಲಿ ಹಾಜರಾಗತಕ್ಕದ್ದು. ಉಗುರು ಬೆಳೆಸಿದವರಿಗೆ ಪ್ರವೇಶವಿಲ್ಲ."

"ಚರ್ಚಾಕೂಟದ ಮೊದಲ ವಿಷಯ: ಹಳ್ಳಿಯ ಬಾಳು ಮೇಲೋ, ಪಟ್ಟಣದ ಬಾಳು ಮೇಲೋ. ಪರವಾಗಿ ಮಾತಾಡುವವರೂ ವಿರೋಧವಾಗಿ ಮಾತಾಡುವವರೂ ಕೈಕೈ ಮಿಲಾಯಿಸತಕ್ಕದ್ದಲ್ಲ."

"ಕೈಬರಹದ ಪತ್ರಿಕೆಗೆ ಕಥೆ, ಪದ್ಯ, ಒಗಟು ಬೇಕಾಗಿವೆ. ಹೋದ ವರ್ಷದ ಪದ್ಯಗಳನ್ನೇ ಮತ್ತೆ ಕೊಡಬಾರದು."

ಎಲ್ಲಕ್ಕಿಂತ ದೊಡ್ಡ ಪ್ರಕಟಣೆ ಕೊನೆಯದು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯ ಚುನಾವಣೆ ಜುಲೈ ನಾಲ್ಕನೆಯ ತಾರೀಕು ಶನಿವಾರ. ನಾನು ಹೆಸರು ಕೊಟ್ಟಿದ್ದೇನೆ! ಎದುರಾಳಿ ನಾಗರಾಜು, ಕೋಟೆಯೊಳಗಿನ ಬಟ್ಟೆ ಅಂಗಡಿಯವರ ಮಗ. ಒಳ್ಳೆಯವನೇ, ಆದರೆ ಈವರೆಗೆ ಒಬ್ಬನಾದರೂ ಹಳ್ಳಿ ಹುಡುಗ ಕಾರ್ಯದರ್ಶಿಯಾಗಿಲ್ಲ. ಓದುವ ಕೋಣೆಗೆ ಐದು ಗಂಟೆಗೇ ಬೀಗ ಬೀಳುತ್ತದೆ. ಪಟ್ಟಣದವರಿಗೆ ಮನೆಯಲ್ಲಿ ದೀಪವಿದೆ, ಪುಸ್ತಕವಿದೆ. ಹಾಸ್ಟೆಲಿನ ನಾವು ಆಮೇಲೆ ಗೋಡೆ ನೋಡುತ್ತಾ ಕೂರಬೇಕು. ನಾನು ಗೆದ್ದರೆ ದೀಪ ಹಚ್ಚುವ ಹೊತ್ತಿನವರೆಗೂ ಬಾಗಿಲು ತೆರೆಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಿರೋಡೆಯ ಚಿಕ್ಕಸ್ವಾಮಿ ನನ್ನ ಬಲಗೈ. ಗೆಲುವು ನನ್ನದೇ, ನೀನು ಅನುಮಾನಪಡಬೇಡ.

ಗಣಿತಕ್ಕೆ ಹೊಸ ಮೇಷ್ಟ್ರು ಬಂದಿದ್ದಾರೆ, ಮಂಗಳೂರು ಕಡೆಯವರು. ಅವರಾಡುವುದು ಪುಸ್ತಕದಲ್ಲಿ ಅಚ್ಚಾದ ಹಾಗೆ ಇರುತ್ತದೆ. ನಾವು ಮಾತಾಡಿದ್ದರಲ್ಲಿ ಅರ್ಧ ಅವರಿಗೆ ತಿಳಿಯುವುದಿಲ್ಲ, ಅವರು ಪಾಠ ಮಾಡಿದ್ದರಲ್ಲಿ ಅರ್ಧ ನಮಗೆ ತಿಳಿಯುವುದಿಲ್ಲ.

ನಿನ್ನ ತಮ್ಮ,
ಹೊನ್ನಪ್ಪ

*

ಅಕ್ಕಿಹೆಬ್ಬಾಳು
೨೬ ಜೂನ್ ೧೯೩೬

ಚಿರಂಜೀವಿ ಹೊನ್ನಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ನಾಲ್ಕನೆಯ ಕ್ಲಾಸಿಗೆ ಬಿಟ್ಟವಳು ಇಷ್ಟು ಸರಾಗವಾಗಿ ಓದುತ್ತಾಳಲ್ಲ ಎಂದು ಪಕ್ಕದ ಮನೆಯ ಅಣ್ಣಮ್ಮನಿಗೆ ಹೊಟ್ಟೆಯುರಿ. ಉಗುರು ಬೆಳೆಸಿದವರಿಗೆ ಪ್ರವೇಶವಿಲ್ಲ ಎಂಬ ಕಡೆ ಎಲ್ಲರೂ ತಂತಮ್ಮ ಕೈ ನೋಡಿಕೊಂಡರು.

ನಿನ್ನ ತಾತನಿಗೆ, ಅಂದರೆ ನಮ್ಮ ಮಾವನವರಿಗೆ, ಚುನಾವಣೆ ಎಂದರೇನೆಂದು ಬಿಡಿಸಿ ಹೇಳಿದೆ. "ಅಂಗಾರೆ ಊರ ಯಜಮಾನ್ರ ಆರ್ಸೋ ಅಂಗೆ ಅನ್ನು. ನಮ್ಮುಡ್ಗ ಯಜಮಾನ ಆಯ್ತಾನೆ ಬುಡು" ಎಂದರು. ಅವ್ವ ತೀರಿಕೊಂಡ ಮೇಲೆ ಒಂಬತ್ತು ವರ್ಷದವನನ್ನು ನಾನು ಈ ಮನೆಗೆ ಕರೆತಂದಾಗ, ಬೇರೆ ಯಾರು ಏನಂದರೋ, ಅವರು ಮಾತ್ರ "ಬರ್ಲಿ, ಒಂದು ಮುದ್ದೆ ಎಚ್ಚಿಗೆ ತೊಳ್ಸು" ಎಂದಿದ್ದರು. ನಿನಗೂ ಅದು ನೆನಪಿರಲಿ.

ನೀನು ಇಷ್ಟು ದೊಡ್ಡ ಮಾತಾಡುವುದನ್ನು ನೋಡಿದರೆ ನನಗೆ ನಗುವೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಗೆಲ್ಲು. ಸೋತರೆ ಮುಖ ಊದಿಸಿಕೊಂಡು ಕೂರಬೇಡ. ತಲೆಗೆ ಎಣ್ಣೆ ಹಚ್ಚಿಕೊ.

ಪುಟ್ಟಗೌರಮ್ಮ

*

ಗಂಜಾಂ
೫ ಜುಲೈ ೧೯೩೬, ಭಾನುವಾರ

ಅಕ್ಕಾ, ಗೆದ್ದೆ!

ಹಾಸ್ಟೆಲಿನವರು ನನ್ನನ್ನು ಹೆಗಲ ಮೇಲೆ ಹೊತ್ತು ನಿಮಿಷಾಂಬೆ ಗುಡಿಯ ಸೋಪಾನದವರೆಗೂ ಮೆರೆಸಿದರು. ಹೊಸ ನೀರು ಬಂದು ಹೊಳೆ ಕೆಂಪಗಾಗಿದೆ, ಇಲ್ಲದಿದ್ದರೆ ನನ್ನನ್ನು ಹೊತ್ತವರೆಲ್ಲ ಹಾಗೆಯೇ ನೀರಿಗೆ ಇಳಿದುಬಿಡುತ್ತಿದ್ದರು.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಚೀಟಿಯಲ್ಲಿ ಹೆಸರು ಬರೆಸಿದರೆ ಅಕ್ಷರದ ಗುರುತು ಹಿಡಿದು ಆಮೇಲೆ ಜಗಳವಾಡುತ್ತೀರಿ ಎಂದು ಹೆಡ್ಮಾಸ್ಟರು ಹುಣಸೆಬೀಜದ ಉಪಾಯ ಮಾಡಿದರು. ಎಂಬತ್ತನಾಲ್ಕು ಹುಡುಗರಿಗೆ ಎಂಬತ್ತನಾಲ್ಕು ಬೀಜ ಹಂಚಿದರು. ಆಟದ ಸಾಮಾನಿನ ಕೋಣೆಯಲ್ಲಿ ನನ್ನದೊಂದು, ನಾಗರಾಜುವಿನದೊಂದು ಮಡಕೆ. ಒಬ್ಬೊಬ್ಬರೇ ಒಳಗೆ ಹೋಗಿ ಬೇಕಾದವರ ಮಡಕೆಗೆ ಬೀಜ ಹಾಕಿ ಬರಬೇಕು.

ಎಣಿಕೆಗೂ ನಿಯಮವಿತ್ತು. ನನ್ನ ಮಡಕೆಯನ್ನು ನಾಗರಾಜುವಿನ ಕಡೆಯವನು ಎಣಿಸಬೇಕು, ಅವನದನ್ನು ನನ್ನ ಕಡೆಯವನು. ಗಣಿತದ ಮೇಷ್ಟ್ರು ನಮಗೆ ಬೆನ್ನು ಮಾಡಿ, ಕಪ್ಪು ಹಲಗೆಯ ಮೇಲೆ ಕೂಗಿದ ಒಂದೊಂದು ಎಣಿಕೆಗೂ ಒಂದೊಂದು ಗೀಟು ಎಳೆಯುತ್ತಾ ನಿಂತರು. ಮೊದಲು ನನ್ನದು: ನಾಗರಾಜುವಿನ ಗೆಳೆಯ ಒಂದು, ಎರಡು ಎಂದು ಗಟ್ಟಿಯಾಗಿ ಕೂಗಿ ಎಣಿಸಿದ. ನಲವತ್ತೊಂದು.

ಆಮೇಲೆ ನಮ್ಮ ಚಿಕ್ಕಸ್ವಾಮಿ. ಅವನು ಕಣದಲ್ಲಿ ರಾಶಿಯ ಮುಂದೆ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ. ಥೇಟು ತಾತನ ಹಾಗೆಯೇ ರಾಗವಾಗಿ "ಲಾಭಾ... ಎರಡೂ... ಮೂರೂ..." ಎಂದು ಶುರುಮಾಡಿದ. ಇಪ್ಪತ್ತಾಯಿತು, ಮತ್ತೆ "ಲಾಭಾ" ಎಂದ. ಇನ್ನೊಂದು ಇಪ್ಪತ್ತಾಯಿತು, ಮತ್ತೆ "ಲಾಭಾ". ಆ ಮೂರು ಸಲವೂ ಪಟ್ಟಣದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಆ ಗಲಾಟೆಯಲ್ಲಿ ಒಟ್ಟು ಎಷ್ಟಾಯಿತೆಂದು ಚಿಕ್ಕಸ್ವಾಮಿಗೂ ಹಿಡಿತ ತಪ್ಪಿ, ಲೆಕ್ಕವನ್ನು ಹಲಗೆಗೇ ಬಿಟ್ಟ. ಮೇಷ್ಟ್ರು ಗೀಟುಗಳನ್ನು ಕೂಡಿ ನಲವತ್ತು ಎಂದರು. ನಕ್ಕವರ ಬಾಯಿ ಕಟ್ಟಿತು. ಒಂದೇ ಒಂದು ಬೀಜದಿಂದ ನಿನ್ನ ತಮ್ಮ ಕಾರ್ಯದರ್ಶಿ!

ಒಂದೇ ಕೊರಗು. ನಲವತ್ತೊಂದೂ ನಲವತ್ತೂ ಸೇರಿ ಎಂಬತ್ತೊಂದಾಯಿತು. ಅಂದರೆ ಮೂವರು ಮತ ಹಾಕಲಿಲ್ಲ. ಕೇಳಿದರೆ ಎಲ್ಲರೂ ಆಣೆ ಇಟ್ಟು "ಹಾಕಿದ್ದೇವೆ" ಎನ್ನುತ್ತಾರೆ. ನಾನು ಬಿಡುವವನೇ? ಹುಡುಕಿದೆ. ದೇವಲಾಪುರದ ಕರಿಯಪ್ಪ ಎಂಬ ಮಾತೇ ಆಡದ ಹುಡುಗನೊಬ್ಬ ನಮ್ಮ ಹಾಸ್ಟೆಲಿನಲ್ಲಿದ್ದಾನೆ. ಅವನ ಅಂಗಿಯ ಜೇಬಿನಲ್ಲಿ ಒಂದು ಹುಣಸೆಬೀಜ ಸಿಕ್ಕಿತು! ಊರಿಂದ ತಂದ ಹುಣಸೆಹಣ್ಣು ತಿಂದದ್ದೆಂದು ಹೇಳಿದ. ಯಾರು ನಂಬುತ್ತಾರೆ? ಹಲಗೆಯ ಮೇಲೆ ನನ್ನ ಮೊದಲ ಪ್ರಕಟಣೆ ಅದೇ: "ಸಂಘಕ್ಕೆ ದ್ರೋಹ ಮಾಡಿದ ಮೂವರಲ್ಲಿ ಒಬ್ಬ ಸಿಕ್ಕಿದ್ದಾನೆ, ಕರಿಯಪ್ಪ. ಇನ್ನಿಬ್ಬರು ತಾವಾಗಿ ಒಪ್ಪಿಕೊಳ್ಳತಕ್ಕದ್ದು." ನಿನ್ನೆ ರಾತ್ರಿಯಿಂದ ಅವನ ಪಕ್ಕ ಯಾರೂ ಊಟಕ್ಕೆ ಕೂರುತ್ತಿಲ್ಲ.

ಇಪ್ಪತ್ತೈದನೆಯ ತಾರೀಕು ಶನಿವಾರ ಸಂಘದ ಆರಂಭೋತ್ಸವ. ಸ್ವಾಗತ ಭಾಷಣ ನನ್ನದು. ನೀನೂ ತಾತನೂ ಬರಲೇಬೇಕು. ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ. ಎಣಿಸಿದ ಬೀಜವನ್ನೆಲ್ಲ ಒಂದೇ ಮಡಕೆಗೆ ಸುರಿದು ಕೋಣೆಯಲ್ಲಿಟ್ಟಿದ್ದಾರೆ. ನೀನು ಬಂದಾಗ ತೋರಿಸುತ್ತೇನೆ.

ಕಾರ್ಯದರ್ಶಿ ಹೊನ್ನಪ್ಪ

*

ಅಕ್ಕಿಹೆಬ್ಬಾಳು
೧೧ ಜುಲೈ ೧೯೩೬

ಚಿರಂಜೀವಿ ಹೊನ್ನಪ್ಪನಿಗೆ.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಸಿ ಬೆಳೆಸುವ ಒಟ್ಲು ಪಾತಿಯ ಕೆಲಸ, ಕೈ ಬಿಡುವಾಗಲಿಲ್ಲ.

ಕಾಗದ ಬಂದ ದಿನ ಜಗಲಿಯ ತುಂಬ ಜನ. ಗೆದ್ದೆ ಎಂಬಲ್ಲಿಗೇ ಅಣ್ಣಮ್ಮ ಒಳಗೆ ಓಡಿ ಬೆಲ್ಲ ತಂದು ಎಲ್ಲರಿಗೂ ಹಂಚಿದಳು. ನಾನು ಓದುತ್ತಾ ಹೋದೆ. ಚಿಕ್ಕಸ್ವಾಮಿ ಲಾಭ ಎಂದು ಶುರುಮಾಡಿದ ಎಂಬಲ್ಲಿಗೆ ಬಂದಾಗ ಮಾವನವರು ಕೆಮ್ಮಿದರು. "ಅಲ್ಲಿಗೆ ನಿಲ್ಸವ್ವ. ಮಿಕ್ಕುದ್ದ ಆಮೇಲೆ ಓದೀಯಂತೆ" ಎಂದರು. ಜನ ಎದ್ದುಹೋದ ಮೇಲೆ ಅಡುಗೆಮನೆಗೇ ಬಂದು ಒಲೆಯ ಮುಂದೆ ಕೂತು ಅದೇ ಸಾಲನ್ನು ಎರಡು ಸಲ ಓದಿಸಿದರು.

"ಗೀಟು ಎಳ್ದೋನು ಯಾವೂರೋನಂತೆ?"

"ಮಂಗಳೂರು ಕಡೆಯೋರಂತೆ ಮಾವ."

"ಬೀಜ ನೋಡ್ತಿದ್ನಂತಾ?"

"ಇಲ್ಲ, ಅಲ್ಗೆ ಕಡೆ ತಿರುಗಿದ್ರಂತೆ."

"ಅಂಗಾರೆ ಅವ್ನು ಲಾಭಕ್ಕೆ ಗೀಟು ಆಕಿಲ್ಲ ಕಣವ್ವ. ದೇವ್ರ ಎಸ್ರು ಅಂದ್ಕಂಡವ್ನೆ."

ಹೊನ್ನಪ್ಪ, ನೀನೂ ನಾನೂ ಕಣದಲ್ಲೇ ಬೆಳೆದವರು. ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಮುಂದಿನದಕ್ಕೆ ಎರಡು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ತುಂಬಿತೆಂದು ಮತ್ತೆ ಲಾಭದಿಂದಲೇ ಶುರು. ನಮಗೆ ಅದು ಉಸಿರಾಡಿದಷ್ಟು ಸಲೀಸು, ಅದಕ್ಕೇ ನಿನ್ನ ಕಿವಿಗೆ ಬೀಳಲಿಲ್ಲ. ಆ ಮೇಷ್ಟ್ರಿಗೆ ಯಾರು ಹೇಳಿಕೊಟ್ಟಿದ್ದರು? ಚಿಕ್ಕಸ್ವಾಮಿ ಮೂರು ಸಲ ಲಾಭ ಎಂದ. ಮೂರು ಬೀಜಕ್ಕೆ ಗೀಟು ಬೀಳಲಿಲ್ಲ. ಒಟ್ಟು ಲೆಕ್ಕದಲ್ಲಿ ಕಡಿಮೆ ಬಂದವೂ ಮೂರೇ. ನಾಗರಾಜುವಿಗೆ ಬಿದ್ದದ್ದು ನಲವತ್ತಲ್ಲ, ನಲವತ್ತಮೂರು.

ಮಾವನವರ ಮಾತು ಸರಿಯೋ ತಪ್ಪೋ ನೋಡುವುದು ಸುಲಭ. ಬೀಜವೆಲ್ಲ ಒಂದೇ ಮಡಕೆಯಲ್ಲಿವೆ ಎಂದು ಬರೆದಿದ್ದೀಯ. ಎಣಿಸು. ಎಂಬತ್ತೊಂದು ಬಂದರೆ ನೀನೇ ಕಾರ್ಯದರ್ಶಿ, ನಾನು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಎಂಬತ್ತನಾಲ್ಕು ಬಂದರೆ ಎಲ್ಲರೂ ಮತ ಹಾಕಿದ್ದಾರೆ, ಆ ಕರಿಯಪ್ಪನೂ ಹಾಕಿದ್ದಾನೆ.

ಊರಿನಲ್ಲಿ ಯಾರಿಗೂ ಇದನ್ನು ಹೇಳಿಲ್ಲ. ನೀನು ಗೆದ್ದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಪುಟ್ಟಗೌರಮ್ಮ

*

ಅಕ್ಕಿಹೆಬ್ಬಾಳು
೧೯ ಜುಲೈ ೧೯೩೬

ಹೊನ್ನಪ್ಪನಿಗೆ.

ಎಂಟು ದಿನವಾಯಿತು. ಸ್ಟೇಷನ್ನಿನಿಂದ ಟಪಾಲು ಬರುವ ಹೊತ್ತಿಗೆ ದಿನವೂ ಬಾಗಿಲಲ್ಲಿ ನಿಲ್ಲುತ್ತೇನೆ. ಸೋತರೂ ಗೆದ್ದರೂ ಮೊದಲು ನನಗೇ ಬರೆಯುವವನು ನೀನು. ಮಡಕೆಯಲ್ಲಿರುವುದು ಹೆಚ್ಚೆಂದರೆ ಎಂಬತ್ತನಾಲ್ಕು ಬೀಜ, ಖಂಡುಗಗಟ್ಟಲೆ ರಾಗಿಯಲ್ಲ. ಎಣಿಸುವುದಕ್ಕೆ ಎಂಟು ದಿನ ಬೇಕೆ?

ನಿನ್ನ ಮೌನಕ್ಕೆ ಅರ್ಥ ಹುಡುಕುವಷ್ಟು ಓದಿದವಳಲ್ಲ ನಾನು, ಆದರೂ ಅರ್ಥವಾಗುತ್ತಿದೆ.

ಪುಟ್ಟಗೌರಮ್ಮ

*

ಗಂಜಾಂ
೨೦ ಜುಲೈ ೧೯೩೬

ಅಕ್ಕನಿಗೆ ನಮಸ್ಕಾರ.

ಕಾಗದ ತಡವಾಯಿತು, ಮನ್ನಿಸು. ಸಂಘದ ಕೆಲಸ ತಲೆಯ ಮೇಲೆ ಬಿದ್ದಿದೆ. ಕಾಲ್ಚೆಂಡಿನ ತಂಡದಲ್ಲಿ ಈ ಸಲ ಹಾಸ್ಟೆಲಿನವರು ನಾಲ್ವರಿದ್ದಾರೆ. ಚರ್ಚಾಕೂಟದಲ್ಲಿ ಹಳ್ಳಿಯ ಬಾಳೇ ಮೇಲೆಂದು ತೀರ್ಮಾನವಾಯಿತು. ಹಾಗೆ ವಾದಿಸಿ ಗೆದ್ದವನು ಪಟ್ಟಣದವನು, ಅದು ಬೇರೆ ವಿಷಯ.

ಹಲಗೆಯ ಮೇಲಿನ ಹೊಸ ಪ್ರಕಟಣೆ ಹೀಗಿದೆ: "೨೫ನೆಯ ತಾರೀಕು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘದ ಆರಂಭೋತ್ಸವ. ವಿದ್ಯಾರ್ಥಿಗಳ ಮನೆಯವರೂ ದಯಮಾಡಿಸಬೇಕು. ಒಂದು ವಿಶೇಷ ಕಾರ್ಯಕ್ರಮವುಂಟು."

ನೀನು ಬರಲೇಬೇಕು ಅಕ್ಕ. ತಾತನನ್ನು ಖಂಡಿತ ಕರೆದುಕೊಂಡು ಬಾ. ಅವರಿಲ್ಲದಿದ್ದರೆ ಆಗುವುದಿಲ್ಲ. ಬೇರೆ ಏನೂ ಈಗ ಬರೆಯಲಾರೆ.

ಹೊನ್ನಪ್ಪ

*

ಅಕ್ಕಿಹೆಬ್ಬಾಳು
೨೨ ಜುಲೈ ೧೯೩೬

ಹೊನ್ನಪ್ಪನಿಗೆ.

ನಿನ್ನ ಕಾಗದ ತಲುಪಿತು. ಕಾಲ್ಚೆಂಡಿನ ವಿಷಯ ಇದೆ, ಚರ್ಚೆಯ ವಿಷಯ ಇದೆ, ವಿಶೇಷ ಕಾರ್ಯಕ್ರಮವಂತೆ, ಅದೂ ಇದೆ. ನಾನು ಕೇಳಿದ್ದಕ್ಕೆ ಒಂದು ಸಾಲೂ ಇಲ್ಲ. ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದೆ.

ನಿನಗೆ ಹತ್ತು ವರ್ಷವಾಗಿದ್ದಾಗ ಅಣ್ಣಮ್ಮನ ಹಿತ್ತಲಿನ ಸೀಬೆಕಾಯಿ ಕಿತ್ತು, ಕೇಳಿದರೆ "ನಾನಲ್ಲ" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದೆ. ಆಗ ನಿನ್ನ ಪರವಾಗಿ ನಾನು ಜಗಳವಾಡಿದೆ. ಆಮೇಲೆ ನಿನ್ನ ಚಡ್ಡಿಯ ಜೇಬಿನಲ್ಲಿ ಕಾಯಿ ಸಿಕ್ಕಿತು. ಈಗ ಯಾವ ಜೇಬು ನೋಡಲಿ? ಯಾರದೋ ಮಗನನ್ನು ಪಂಕ್ತಿಯಿಂದ ಎಬ್ಬಿಸಿ, ಅವನು ಹಾಕಿದ ಮತವನ್ನೇ ಇಲ್ಲವೆನಿಸಿ, ವೇದಿಕೆಯ ಮೇಲೆ ನಿಂತು ಸ್ವಾಗತ ಭಾಷಣ ಮಾಡುತ್ತೀಯ. ಅದನ್ನು ನೋಡಲು ನಾನು ರೈಲು ಹತ್ತಿ ಬರಬೇಕೆ?

ನಾನು ಬರುವುದಿಲ್ಲ. ಮಾವನವರಿಗೂ ಬೇಡವೆಂದೆ, ಅವರು ಕೇಳಲಿಲ್ಲ. "ಉಡ್ಗ ಕರ್ದವ್ನೆ, ನಾನು ಓಯ್ತೀನಿ. ಬೈಯೋದಾದ್ರೆ ಎದುರ್ಗೇ ನಿಂತು ಬೈತೀನಿ, ಕಾಗ್ದದಲ್ಲಿ ಬೈಯೋದೇನವ್ವ?" ಎಂದರು. ಶುಕ್ರವಾರದ ರೈಲಿಗೆ ಹೊರಡುತ್ತಾರೆ. ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗು. ಅಷ್ಟಾದರೂ ಮಾಡು.

ಪುಟ್ಟಗೌರಮ್ಮ

*

ಗಂಜಾಂ
೨೬ ಜುಲೈ ೧೯೩೬, ಭಾನುವಾರ

ಅಕ್ಕಾ,

ತಾತ ಈಗ ನನ್ನ ಹಾಸಿಗೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಊರಿಗೆ ಹಿಂತಿರುಗಿದಾಗ ನಡೆದದ್ದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ, ಅದಕ್ಕೆ ಮುಂಚೆ ನನ್ನ ಕಾಗದ ನಿನ್ನ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ನಾಳೆ ಅವರ ಕೈಯಲ್ಲೇ ಕೊಟ್ಟು ಕಳಿಸುವುದರಿಂದ ಅದು ಆಗಲಾರದು. ಆದರೂ ಬರೆಯುತ್ತೇನೆ.

ನಿನ್ನ ಹನ್ನೊಂದನೆಯ ತಾರೀಕಿನ ಕಾಗದ ನನಗೆ ಹದಿನಾಲ್ಕಕ್ಕೆ ಸಿಕ್ಕಿತು. ಓದಿ ನನಗೆ ಬಂದದ್ದು ಸಿಟ್ಟು. ತಾತನಿಗೆ ವಯಸ್ಸಾಯಿತು, ಏನೋ ಹೇಳುತ್ತಾರೆ ಎಂದುಕೊಂಡು ಆ ದಿನವೆಲ್ಲ ಕಾರ್ಯದರ್ಶಿಯಾಗಿಯೇ ಓಡಾಡಿದೆ. ಮಾರನೆಯ ದಿನ ತಡೆಯಲಾಗಲಿಲ್ಲ. ಆಟದ ಸಾಮಾನಿನ ಕೋಣೆಯ ಬೀಗದ ಕೈ ಕಾರ್ಯದರ್ಶಿಯ ಹತ್ತಿರವೇ ಇರುತ್ತದಲ್ಲ. ಮಡಕೆ ಸುರಿದು ಎಣಿಸಿದೆ. ಎಂಬತ್ತನಾಲ್ಕು. ಇನ್ನೊಂದು ಸಲ ಎಣಿಸಿದೆ. ಮೂರನೆಯ ಸಲ, ಒಂದಾದರೂ ಕಡಿಮೆ ಬರಲಪ್ಪ ಎಂದು ಬೇಡಿಕೊಳ್ಳುತ್ತಾ ಎಣಿಸಿದೆ. ಎಂಬತ್ತನಾಲ್ಕೇ.

ನನಗೆ ಮೊದಲು ನೆನಪಾದದ್ದು ಕುರ್ಚಿಯಲ್ಲ, ಕರಿಯಪ್ಪ. ಏಕೆಂದರೆ ಅವನು ಹಾಸ್ಟೆಲಿನಲ್ಲಿ ಇರಲಿಲ್ಲ. ಹನ್ನೆರಡನೆಯ ತಾರೀಕು ಬೆಳಿಗ್ಗೆಯೇ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಶಾಲೆ ಬಿಟ್ಟು ಊರಿಗೆ ಹೊರಟುಹೋಗಿದ್ದ. ನಾನು ಅದನ್ನು ನೋಡಿದ್ದೆ, ಅಕ್ಕ. ನೋಡಿ, ಒಬ್ಬ ಕಳ್ಳ ತೊಲಗಿದ ಎಂದು ಪಕ್ಕದವನಿಗೆ ಹೇಳಿದ್ದೆ.

ಹೆಡ್ಮಾಸ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಹಲಗೆಯ ಮೇಲೆ ಒಂದು ತಿದ್ದುಪಡಿ ಹಾಕಿ ಮುಗಿಸೋಣ ಎಂದರು. ಮೊದಲು ಕರಿಯಪ್ಪನನ್ನು ಕರೆತರುತ್ತೇನೆ, ಆಮೇಲೆ ಉಳಿದದ್ದು ಎಂದೆ. ಮೂರು ದಿನ ರಜೆ ಕೊಟ್ಟರು. ಹಿರೋಡೆಯವರೆಗೆ ರೈಲು, ನಾಗಮಂಗಲದವರೆಗೆ ಬಸ್ಸು, ಅಲ್ಲಿಂದ ದೇವಲಾಪುರಕ್ಕೆ ನಡಿಗೆ. ನೀನು ಟಪಾಲಿಗೆ ಕಾಯುತ್ತಿದ್ದಾಗ ನಾನು ಆ ದಾರಿಯಲ್ಲಿದ್ದೆ.

ಕರಿಯಪ್ಪ ಹೊಲದಲ್ಲಿದ್ದ. ಅವನ ತಾಯಿ ಕುಳ್ಳಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದಳು.

"ನನ್ ಮಗನ ಎಸ್ರ ಅಲ್ಗೆ ಮ್ಯಾಲೆ ಬರ್ದೋನು ನೀನೇ ಏನ್ಲಾ?"

"ಊ ಕಣವ್ವ."

"ಬರಿಯಕ್ಕೆ ಕೈ ಬತ್ತು, ಒಂದ್ಮಾತು ಸರ್ಯಾಗಿ ಕೇಳಕ್ಕೆ ಬಾಯಿ ಬರ್ನಿಲ್ವಾ? ಮನೆ ಮುಂದ್ಲ ಮರದ ಹಣ್ಣ ನಾನೇ ಕಟ್ಟಿ ಕಳ್ಸಿದ್ದೆ. ಬೀಜ ಇರ್ದೆ ಇನ್ನೇನಿರ್ತದೆ ಅದ್ರಲ್ಲಿ?"

ಅವಳು ಇನ್ನೂ ಬೈದಳು. ನಡುವೆ ಒಳಗೆ ಹೋಗಿ ಮುದ್ದೆ, ಹುರುಳಿ ಸಾರು ತಂದು ಮುಂದಿಟ್ಟು, "ಕುಂತ್ಕಂಡು ಉಣ್ಣು. ನಂದಿನ್ನೂ ಮುಗ್ದಿಲ್ಲ" ಎಂದಳು. ಉಂಡೆ. ಹಸಿವಾಗಿತ್ತು, ಸುಳ್ಳು ಹೇಳಲಾರೆ.

ಕರಿಯಪ್ಪ ಬಂದು ಎಲ್ಲವನ್ನೂ ಕೇಳಿಸಿಕೊಂಡ. ಮಾತೇ ಆಡದ ಹುಡುಗ ಎಂದು ಬರೆದಿದ್ದೆನಲ್ಲ, ಆವತ್ತು ಆಡಿದ. "ಬತ್ತೀನಿ. ಆದ್ರೆ ಅಷ್ಟು ಜನದ ಮುಂದೆ ಬರ್ದಿದ್ದೀಯ, ಅಷ್ಟು ಜನದ ಮುಂದೇನೇ ಅಳಿಸ್ಬೇಕು. ನನ್ ಕಿವೀಲಿ ಯೋಳುದ್ರೆ ಆಗಕಿಲ್ಲ." ಆಗಲಿ ಎಂದೆ.

ಇಬ್ಬರೂ ಒಟ್ಟಿಗೆ ಬಂದೆವು. ಆರಂಭೋತ್ಸವದಲ್ಲೇ ಎಲ್ಲರೆದುರು ಎಣಿಸಿ ತೋರಿಸುವುದೆಂದು ಹೆಡ್ಮಾಸ್ಟರೂ ಒಪ್ಪಿದರು. ಅಲ್ಲಿಯವರೆಗೆ ಯಾರಿಗೂ ಹೇಳಬೇಡ, ಎರಡು ಕಡೆಯವರೂ ಹೊಡೆದಾಡುತ್ತಾರೆ ಎಂದರು. ನಿನಗೂ ಬರೆಯಲಿಲ್ಲ. ಆದರೆ ಅಕ್ಕ, ಅದು ಅರ್ಧ ಕಾರಣ. ಇನ್ನರ್ಧ ಏನೆಂದರೆ, ನಾನು ಕೆಳಗಿಳಿಯುತ್ತೇನೆ ಎಂದು ಮೊದಲೇ ಹೇಳಿದರೆ ನೀನು ನೊಂದುಕೊಂಡು ಬರುವುದಿಲ್ಲವೆನಿಸಿತು. ಅದನ್ನು ನೀನು ಕಣ್ಣಾರೆ ನೋಡಬೇಕೆಂದು ಆಸೆಯಾಯಿತು. ಹಾಗಾಗಿ ಸುಮ್ಮನೆ ಬಾ ಎಂದೆ. ಇಪ್ಪತ್ತೆರಡರ ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಸೀಬೆಕಾಯಿ ವಿಷಯ ನೆನಪಿದೆ.

ನಿನ್ನೆ ಸಭೆಯಲ್ಲಿ ನಾನು ಎದ್ದು ಸ್ವಾಗತ ಹೇಳಿ, ಅಕ್ಕಿಹೆಬ್ಬಾಳಿನಲ್ಲಿ ನಲವತ್ತು ವರ್ಷದಿಂದ ರಾಶಿ ಅಳೆಯುತ್ತಿರುವ ದೊಡ್ಡಬೀರಯ್ಯನವರು ಈಗ ಈ ಬೀಜಗಳನ್ನು ಎಣಿಸುತ್ತಾರೆ ಎಂದೆ. ತಾತನಿಗೆ ಆ ಕ್ಷಣದವರೆಗೂ ಏನೂ ಗೊತ್ತಿರಲಿಲ್ಲ. ನನ್ನನ್ನು ಬೈಯಬೇಕೆಂದು ಬಂದವರು! ನನ್ನ ಮುಖವನ್ನೊಮ್ಮೆ ನೋಡಿದರು, ಅರ್ಥವಾಯಿತು. ಮೆಟ್ಟು ಬಿಟ್ಟು ವೇದಿಕೆ ಹತ್ತಿ, ಪಂಚೆ ಸರಿಮಾಡಿಕೊಂಡು ಕೂತರು. ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದ್ದರು.

"ಅಲ್ಗೆ ನೋಡ್ಬ್ಯಾಡಿ ಸ್ವಾಮಿ, ನನ್ ಕೈ ನೋಡಿ" ಎಂದರು ತಾತ.

ಮೇಷ್ಟ್ರು ತಿರುಗಿ ನಿಂತರು. "ಲಾಭಾ" ಎಂದು ತಾತ ಮೊದಲ ಬೀಜ ಎತ್ತಿಹಾಕಿದರು. ಪಟ್ಟಣದ ಹುಡುಗರು ಎಂದಿನ ಹಾಗೆ ನಕ್ಕರು. ಮೇಷ್ಟ್ರ ಕೈ ಅಲ್ಲೇ ನಿಂತಿತು. ಆ ಬೀಜವನ್ನು ನೋಡಿದರು, ತಾತನನ್ನು ನೋಡಿದರು, ಆಮೇಲೆ ನಿಧಾನವಾಗಿ ಒಂದು ಗೀಟು ಎಳೆದರು. ಎರಡನೆಯ ಲಾಭಕ್ಕೆ ನಗು ಕಡಿಮೆಯಾಯಿತು, ಮೂರನೆಯದಕ್ಕೆ ನಿಂತೇಹೋಯಿತು. ಕೊನೆಗೆ ಎಂಬತ್ತನಾಲ್ಕು ಗೀಟು. ಮೇಷ್ಟ್ರು ಸಭೆಯ ಕಡೆ ತಿರುಗಿ, "ತಪ್ಪು ನನ್ನದು. ಕಣ್ಣಿಂದ ಎಣಿಸಬೇಕಾದ್ದನ್ನು ಕಿವಿಯಿಂದ ಎಣಿಸಿದೆ" ಎಂದು ಕೈ ಮುಗಿದರು. ಅವರು ದೊಡ್ಡವರು, ಅಕ್ಕ.

ಉಳಿದದ್ದನ್ನು ನಾನು ಹೇಳಿದೆ. ಚಿಕ್ಕಸ್ವಾಮಿ ಮೂರು ಸಲ ಲಾಭ ಎಂದದ್ದಕ್ಕೆ ಮೂರು ಸಲ ನಕ್ಕವರೇ ಸಾಕ್ಷಿ. ಆದ್ದರಿಂದ ನಲವತ್ತಮೂರು ಮತ ಪಡೆದ ನಾಗರಾಜುವೇ ಕಾರ್ಯದರ್ಶಿ. ಹಾಸ್ಟೆಲಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ನಾಗರಾಜು ಎದ್ದು, ಮತ್ತೊಮ್ಮೆ ಚುನಾವಣೆ ಮಾಡೋಣವೇ ಎಂದ. ಬೇಡ, ನೀನು ಗೆದ್ದಿದ್ದೀಯ ಎಂದೆ. ಆಮೇಲೆ ನಾನು ಬರೆದ ಹೊಸ ಪ್ರಕಟಣೆಯನ್ನು ಓದಿದೆ. ಈಗ ಅದು ಹಲಗೆಯ ಮೇಲಿದೆ, ನಿನಗೆಂದು ನಕಲು ಮಾಡಿದ್ದೇನೆ.

"ದೇವಲಾಪುರದ ಕರಿಯಪ್ಪನು ತನ್ನ ಮತವನ್ನು ಹಾಕಿದ್ದನು. ಅವನ ಜೇಬಿನಲ್ಲಿದ್ದ ಬೀಜ ಅವನ ಮನೆಯ ಮರದ್ದು. ಅವನನ್ನು ದ್ರೋಹಿ ಎಂದು ಇದೇ ಹಲಗೆಯ ಮೇಲೆ ಬರೆದ ನಾನು ಎಲ್ಲರ ಮುಂದೆ ಅವನ ಕ್ಷಮೆ ಕೇಳುತ್ತೇನೆ. ಹೊನ್ನಪ್ಪ."

ಕರಿಯಪ್ಪ ಎದ್ದು ಬಂದು ಹಳೆಯ ಪ್ರಕಟಣೆಯನ್ನು ತಾನೇ ಕಿತ್ತು, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಕುಳ್ಳಮ್ಮನಿಗೆ ತೋರಿಸಬೇಕಂತೆ.

ನನ್ನ ಬಗ್ಗೆ ಚಿಂತೆ ಮಾಡಬೇಡ. ಓದುವ ಕೋಣೆಯನ್ನು ದೀಪ ಹಚ್ಚುವ ಹೊತ್ತಿನವರೆಗೂ ತೆರೆದಿಡುವುದೆಂದು ನಾಗರಾಜು ಅಲ್ಲೇ ಹೇಳಿದ. ನನ್ನ ಅಕ್ಷರ ಚೆನ್ನಾಗಿದೆಯೆಂದು ಈ ವರ್ಷದ ಪ್ರಕಟಣೆಗಳನ್ನೆಲ್ಲ ನಾನೇ ಬರೆಯಬೇಕಂತೆ. ಮುಂದಿನ ವರ್ಷ ಮತ್ತೆ ನಿಲ್ಲುತ್ತೇನೆ, ಆಗ ಗೆಲ್ಲುತ್ತೇನೆ, ಬೇಕಾದರೆ ಬರೆದಿಟ್ಟುಕೊ.

ಮುಂದಿನ ಬೆಂಚಿನಲ್ಲಿ ತಾತನ ಪಕ್ಕ ನಿನ್ನ ಜಾಗವನ್ನು ಸಭೆ ಮುಗಿಯುವವರೆಗೂ ಹಾಗೆಯೇ ಬಿಟ್ಟಿದ್ದೆ. ಯಾರನ್ನೂ ಕೂರಗೊಡಲಿಲ್ಲ.

ಹೊನ್ನಪ್ಪ

*

ಅಕ್ಕಿಹೆಬ್ಬಾಳು
೩೦ ಜುಲೈ ೧೯೩೬

ನನ್ನಪ್ಪ ಹೊನ್ನಪ್ಪನಿಗೆ.

ಮಾವನವರು ಬಂದರು, ಕಾಗದ ಕೊಟ್ಟರು. ಕಾಲು ತೊಳೆಯುವ ಮುಂಚೆಯೇ, "ನೀನು ನನ್ ಜೊತ್ಗೆ ಬರ್ದೆ ಕೆಟ್ಟೆ ಕಣವ್ವ" ಎಂದರು. ಅಷ್ಟೇ. ಮಿಕ್ಕದ್ದನ್ನು ಇವತ್ತಿನವರೆಗೂ ಜಗಲಿಯ ಮೇಲೆ ಹೇಳುತ್ತಲೇ ಇದ್ದಾರೆ. ಅವರು ಹೇಳುವ ಪ್ರಕಾರ ಸಭೆಯಲ್ಲಿ ಐನೂರು ಜನ ಇದ್ದರಂತೆ.

ನಾನು ನಿನ್ನನ್ನು ಅನುಮಾನಿಸಿದೆ. ನೀನು ಉರಿಬಿಸಿಲಿನಲ್ಲೋ ಮಳೆಯಲ್ಲೋ ಆ ದಾರಿ ನಡೆದು ಬಂದಿದ್ದರೆ ನಾನಿಲ್ಲಿ ಕೂತು ಸೀಬೆಕಾಯಿಯ ಹಳೆಯ ಕಥೆ ಕೆದಕಿ ಬರೆದೆ. ಶನಿವಾರಕ್ಕೆಂದು ಹೊರಗಿಟ್ಟಿದ್ದ ಸೀರೆಯನ್ನು ಸಿಟ್ಟಿನಲ್ಲಿ ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ನಿನ್ನ ಕಾಗದದ ಕೊನೆಯ ಸಾಲು ಓದಿ ನನಗೆ ಎಷ್ಟು ಅಳು ಬಂತೆಂದು ನಿನಗೆ ಹೇಳುವುದಿಲ್ಲ.

ಆದರೆ ನಾನು ಹೇಳಲೇಬೇಕಾದ ಒಂದು ಮಾತಿದೆ. ನಿನ್ನ ಗೆಲುವಿನ ಕಾಗದ ಬಂದದ್ದು ಏಳನೆಯ ತಾರೀಕು. ಮಾವನವರು ಲೆಕ್ಕ ಬಿಡಿಸಿ ಹೇಳಿದ್ದೂ ಅವತ್ತೇ. ಮಾರನೆಯ ಬೆಳಿಗ್ಗೆಯೇ ನಿನಗೆ ಬರೆದೆ. ಆದರೆ ಟಪಾಲಿಗೆ ಹಾಕಲಿಲ್ಲ. ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಕೈ ಬಿಡುವಾಗಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಹೊಳೆಗೆ ಹೋದರೆ "ಕಾರ್ಯದರ್ಶಿಯ ಅಕ್ಕ" ಎಂದು ಹೆಂಗಸರು ದಾರಿ ಬಿಡುತ್ತಿದ್ದರು. ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಇರಲಿ ಎಂದು ತಡಮಾಡಿದೆ. ಕೊನೆಗೆ ಮಾವನವರು "ಕಾಗ್ದ ಬರ್ದ್ಯೇನವ್ವ?" ಎಂದು ಕೇಳಿದ ಮೇಲೆ ಹನ್ನೊಂದನೆಯ ತಾರೀಕು ಹಾಕಿ ಹೊಸದಾಗಿ ಬರೆದು ಕಳಿಸಿದೆ. ಮೊದಲನೆಯದು ಆವತ್ತೇ ಹೊರಟಿದ್ದರೆ ಹತ್ತು ಹನ್ನೊಂದಕ್ಕೆ ನಿನಗೆ ಸಿಗುತ್ತಿತ್ತು. ಆ ಹುಡುಗ ಹನ್ನೆರಡಕ್ಕೆ ಟ್ರಂಕು ಹೊರುತ್ತಿರಲಿಲ್ಲ. ನೀನು ಎಲ್ಲರ ಮುಂದೆ ನಿಂತು ಹೇಳಿದೆ, ನಾನು ನಿನ್ನೊಬ್ಬನಿಗೆ ಹೇಳುತ್ತಿದ್ದೇನೆ. ಆದರೂ ಇಷ್ಟು ಕಷ್ಟವಾಗುತ್ತಿದೆ. ಕರಿಯಪ್ಪನಿಗೆ ಈ ಭಾಗ ಓದಿ ಹೇಳು, ಮರೆಯಬೇಡ.

ನೀನು ಕಾರ್ಯದರ್ಶಿಯಲ್ಲ ಎಂದು ನಿನ್ನೆ ಹೊಳೆಯ ಹತ್ತಿರ ನಾನೇ ಎಲ್ಲರಿಗೂ ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಬೆಲ್ಲ ಹಂಚಿದವಳು ತಾನೆಂದು ಅಣ್ಣಮ್ಮ ಮೊದಲು ಮುಖ ಸಿಂಡರಿಸಿದಳು, ಆಮೇಲೆ ಆ ಬೆಲ್ಲ ಹಾಗೇ ಇರಲಿ ಬಿಡು ಎಂದಳು.

ಇದರ ಜೊತೆ ಚಕ್ಕುಲಿ ಡಬ್ಬ ಕಳಿಸುತ್ತಿದ್ದೇನೆ. ಅರ್ಧ ನಿನಗೆ, ಅರ್ಧ ಕರಿಯಪ್ಪನಿಗೆ, ಬೇರೆ ಯಾರ ಕಣ್ಣಿಗೂ ಬೀಳಿಸಬೇಡ. ಸಂಘದ ಮುಂದಿನ ಸಭೆ ಯಾವತ್ತೆಂದು ಹಲಗೆಯ ಮೇಲೆ ಬರೆಯುವವನು ನೀನೇ ತಾನೆ, ನನಗೂ ಬರೆ. ಈ ಸಲ ನಾನು ಬರುತ್ತೇನೆ. ನೀನು ವೇದಿಕೆಯ ಮೇಲೆ ಇರಬೇಕಾಗಿಲ್ಲ. ಹುಡುಗರ ನಡುವೆ ಕರಿಯಪ್ಪನ ಪಕ್ಕ ಕೂತಿರು, ನಾನೇ ಬಂದು ಗುರುತು ಹಿಡಿಯುತ್ತೇನೆ.

ನಿನ್ನ ಅಕ್ಕ,
ಪುಟ್ಟಗೌರಮ್ಮ